ನೀರು ಬಿಟ್ರಾ?

ಉತ್ತರ ಕನ್ನಡದ ಗಣೇಶಗುಡಿ ಊರಿನಲ್ಲಿ ಇಳಿದಾಗ ಬೆಳಗ್ಗೆ ಒಂಬತ್ತೂವರೆ. ರಾಫ್ಟಿಂಗ್ ಅಂತ ವಾರದಿಂದ ಕುಣಿಯುತ್ತಿದ್ದ ಭಾವ ಬ್ಯಾಗ್ ಇಡದೆಯೇ ಕಾಳಿ ನದಿಯ ದಂಡೆಗೆ ಹೋದರು. ಅಷ್ಟೇ ಬೇಗ ವಾಪಸ್ ಬಂದರು. "ಏನೋ ಇದು, ನೀರೇ ಇಲ್ಲ!"

ಪೂರ್ತಿ ಇಲ್ಲ ಅಂತಲ್ಲ. ಬಂಡೆಗಳ ಸಂದಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಅದರಲ್ಲಿ ರಾಫ್ಟ್ ಇಳಿಸಿದರೆ ನಾವೇ ಅದನ್ನು ಹೊತ್ತುಕೊಂಡು ಹೋಗಬೇಕಿತ್ತು. ಗೈಡ್ ಹುಡುಗ ಮಾತ್ರ ಆರಾಮಾಗಿ ಚಹಾ ಕುಡಿಯುತ್ತಿದ್ದ. "ಇನ್ನೂ ನೀರು ಬಿಟ್ಟಿಲ್ಲ ಸರ್. ಬಿಟ್ಟ ಮೇಲೆ ನೋಡಿ."

ಬಿಡೋದು ಸೂಪಾ ಅಣೆಕಟ್ಟಿನಿಂದ. 101 ಮೀಟರ್ ಎತ್ತರದ ಕಟ್ಟೆ, ಅದರ ಬುಡದ ವಿದ್ಯುದಾಗಾರದಲ್ಲಿ 50 ಮೆಗಾವಾಟ್‌ನ ಎರಡು ಘಟಕಗಳು. ಟರ್ಬೈನ್ ತಿರುಗಿದರೆ ಕೆಳಗೆ ಅಲೆ, ನಿಂತರೆ ಬರೀ ಬಂಡೆ. ಎಲ್ಲೋ ಯಾರೋ ಮಿಕ್ಸಿ ಹಾಕಲಿ ಅಂತ ನಾವು ಹೆಲ್ಮೆಟ್ ತೊಟ್ಟು ಕಾಯುತ್ತಾ ಕೂತೆವು.

ಆ ಹುಡುಗನ ಅಜ್ಜಿ ಹಳೇ ಸೂಪಾದವರಂತೆ. ಪಾಂಡರಿ ನದಿ ಬಂದು ಕಾಳಿಯನ್ನು ಸೇರುತ್ತಿದ್ದ ಕಡೆ ಇದ್ದ ಊರು. ಈಗ ಹಿನ್ನೀರಿನಡಿ ಇದೆ. ಅಲ್ಲಿಂದ ಎದ್ದವರಲ್ಲಿ ಎಷ್ಟೋ ಜನ ರಾಮನಗರಕ್ಕೆ ಹೋದರು, ಅಜ್ಜಿಯೂ ಅಲ್ಲೇ. ಮೊಮ್ಮಗ ರಾಫ್ಟ್ ನಡೆಸೋದನ್ನು ನೋಡೋಕೆ ಅವರು ಒಂದು ಸಲವೂ ಬಂದಿಲ್ಲವಂತೆ. "ನೋಡೋಕೇನಿದೆ ಅಂತಾರೆ ಸರ್," ಅಂದು ಲೋಟ ತೊಳೆಯಲು ಎದ್ದ.

ಹನ್ನೊಂದರ ಹೊತ್ತಿಗೆ ಮೊದಲು ಸದ್ದು ಬಂತು. ಆಮೇಲೆ ಒಂದೊಂದೇ ಬಂಡೆ ಕಾಣದಾಯಿತು. ಅರ್ಧ ಗಂಟೆಯಲ್ಲಿ ಅದು ಬೇರೆಯೇ ನದಿ. ಹುಟ್ಟು ಹಿಡಿಯೋದು, ಕಾಲು ಸಿಕ್ಕಿಸೋದು ಎಲ್ಲ ಕಲಿಸಿದ ಹುಡುಗ ಒಂದು ಮಾತನ್ನು ಮೂರು ಸಲ ಹೇಳಿದ: ಬಿದ್ದರೆ ನಿಲ್ಲೋಕೆ ಹೋಗಬೇಡಿ. ಅಂಗಾತ ಮಲಗಿ, ಕಾಲು ಮುಂದೆ, ಕಾಲ್ಬೆರಳು ನೀರಿನ ಮೇಲೆ. ನಿಂತರೆ ಪಾದ ಕಲ್ಲಿನ ಸಂದಿಗೆ ಸಿಕ್ಕಿ, ನೀರು ನಿಮ್ಮನ್ನು ಮುಂದಕ್ಕೆ ಮಗುಚುತ್ತದೆ.

ಎರಡನೇ ಇಳಿತದಲ್ಲೇ ನಾನು ಬಿದ್ದೆ. ಭಾವ ನಗುತ್ತಿದ್ದದ್ದು ಕಂಡಿತು, ಆಮೇಲೆ ಬರೀ ನೊರೆ. ಮೂಗಿನಲ್ಲಿ, ಕಿವಿಯಲ್ಲಿ ನೀರು. ನಿಲ್ಲಬೇಡ ಅಂದಿದ್ದು ನೆನಪಿತ್ತು. ಆದರೂ ಕಾಲು ತಾನಾಗಿ ನೆಲ ಹುಡುಕಿತು! ಹೇಗೋ ಮೇಲೆತ್ತಿಕೊಂಡೆ. ಲೈಫ್ ಜಾಕೆಟ್ ಭುಜ ಹಿಡಿದು ಎಳೆದು ಹಾಕಿದಾಗ ನಾನು ರಾಫ್ಟಿನಲ್ಲಿ ಮೀನಿನ ಹಾಗೆ ಬಿದ್ದಿದ್ದೆ.

ಆಮೇಲಿನದು ಶಾಂತ ನೀರು. ಎರಡೂ ಕಡೆ ಕಾಡು. ಅಲ್ಲಿ ಇಳಿದು ಈಜಬಹುದು ಅಂದರು, ನನಗೆ ಸಾಕಾಗಿತ್ತು. ಇನ್ನೂ ಕೆಳಗೆ ದಾಂಡೇಲಿ ಹತ್ತಿರ ಮೊಸಳೆಗಳಿವೆ, ಅಲ್ಲಿ ಈಜುವ ಮಾತೇ ಇಲ್ಲ. ಮುಂದೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಮತ್ತೆ ಮತ್ತೆ ಕಟ್ಟೆಗಳು. ಡಿಗ್ಗಿ ಹತ್ತಿರ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ 184 ಕಿಲೋಮೀಟರಿನಲ್ಲಿ ಇದಕ್ಕೆ ಸುಮ್ನೆ ಹರಿಯೋಕೆ ಸಿಗುವ ಜಾಗವೇ ಕಡಿಮೆ.

ಸಂಜೆ ಮತ್ತೆ ದಂಡೆಗೆ ಹೋದೆವು. ನೀರು ನಿಲ್ಲಿಸಿದ್ದರು. ನಾನು ಬಿದ್ದ ಕಡೆ ಎಮ್ಮೆಯಷ್ಟು ದೊಡ್ಡ ಕಪ್ಪು ಬಂಡೆ ಒಣಗುತ್ತಾ ಕೂತಿತ್ತು. ಪಕ್ಕದಲ್ಲಿ ಪಾದ ಸರಿಯಾಗಿ ಹಿಡಿಯುವಷ್ಟು ಸಂದಿ. ಭಾವ ಬಗ್ಗಿ ನೋಡಿದರು. ಬೆಳಗ್ಗಿನಿಂದ ಮೊದಲ ಸಲ ನಗಲಿಲ್ಲ.