ವೋಟಿಲ್ಲದವರ ಚಪ್ಪಾಳೆ

2008ರ ಜುಲೈ 24, ಗುರುವಾರ. ಸಂಜೆ ಐದಕ್ಕೇ ನಮ್ಮ ಓನರ್ ಅಜ್ಜಿ ಬೂಟು ಹಾಕಿಕೊಂಡು ನನ್ನ ರೂಮಿನ ಬಾಗಿಲಲ್ಲಿ ನಿಂತಿದ್ದರು. "ನೀನು ಬರದೇ ಹೋದರೆ ನನಗೆ ಅವನ ಮಾತು ಅರ್ಥ ಮಾಡಿಸೋರು ಯಾರು?" ಅಂದರು. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಜರ್ಮನ್ ಅಷ್ಟಕ್ಕಷ್ಟೇ. ಆದರೂ ಇಬ್ಬರೂ ಹೊರಟೆವು.

ನಾನಾಗ ಬರ್ಲಿನ್‌ನ ಟೆಕ್ನಿಕಲ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದೆ. ತಿಪಟೂರಿನಿಂದ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಆವತ್ತು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬರಾಕ್ ಒಬಾಮಾ ನಮ್ಮ ಊರಲ್ಲಿ ಭಾಷಣ ಮಾಡುವವರಿದ್ದರು. ಅಫ್ಘಾನಿಸ್ತಾನ, ಕುವೈತ್, ಇರಾಕ್, ಜೋರ್ಡಾನ್, ಇಸ್ರೇಲ್, ರಾಮಲ್ಲಾ ಎಲ್ಲ ಮುಗಿಸಿಕೊಂಡು ಅವತ್ತೇ ಬರ್ಲಿನ್‌ಗೆ ಬಂದಿದ್ದರು. ಮಾರನೇ ದಿನ ಪ್ಯಾರಿಸ್, ಆಮೇಲೆ ಲಂಡನ್. ಇನ್ನೂ ಗೆದ್ದೇ ಇಲ್ಲ, ಬರೀ ಅಭ್ಯರ್ಥಿ. ಅಷ್ಟಕ್ಕೇ ಅಷ್ಟು ದೇಶಗಳ ಜನ ಟಿವಿ ಮುಂದೆ ಕೂತಿದ್ದರು.

ಆ ವಾರ ಪೂರ್ತಿ ಬರ್ಲಿನ್‌ನಲ್ಲಿ ಜಾಗದ ಜಗಳ. ಒಬಾಮಾ ಕಡೆಯವರಿಗೆ ಬ್ರಾಂಡೆನ್‌ಬರ್ಗ್ ಗೇಟ್ ಮುಂದೆ ಮಾತಾಡುವ ಆಸೆ ಇತ್ತು. ಬೇರೆ ದೇಶದ ಅಭ್ಯರ್ಥಿ ಅಲ್ಲಿ ಚುನಾವಣಾ ಭಾಷಣ ಮಾಡುವುದು ಚಾನ್ಸಲರ್ ಏಂಜೆಲಾ ಮರ್ಕೆಲ್ ಅವರಿಗೆ ಸರಿ ಕಾಣಲಿಲ್ಲ. ಹಾಗಾಗಿ ಅದೇ ಬೀದಿಯ ಇನ್ನೊಂದು ಕಡೆ, ಟಿಯರ್‌ಗಾರ್ಟನ್ ಪಾರ್ಕಿನ ನಡುವೆ ಇರುವ ವಿಜಯಸ್ತಂಭದ ಹತ್ತಿರ ಅಂತಾಯಿತು. ಅದಕ್ಕೂ ಆಕ್ಷೇಪ ಬಂತು. ಆ ಸ್ತಂಭ ಕಟ್ಟಿದ್ದು ಡೆನ್ಮಾರ್ಕ್, ಆಸ್ಟ್ರಿಯಾ, ಫ್ರಾನ್ಸ್ ಮೇಲೆ ಗೆದ್ದ ಯುದ್ಧಗಳ ನೆನಪಿಗೆ. ಮೊದಲು ಅದು ಪಾರ್ಲಿಮೆಂಟ್ ಕಟ್ಟಡದ ಮುಂದಿತ್ತು. ಕಿತ್ತು ಇಲ್ಲಿ ತಂದು ನಿಲ್ಲಿಸಿದ್ದು ಹಿಟ್ಲರ್ ಕಾಲದಲ್ಲಿ. ಶಾಂತಿಯ ಮಾತಾಡೋಕೆ ಬೇರೆ ಜಾಗ ಸಿಗಲಿಲ್ವಾ ಅಂತ ಕೆಲವು ರಾಜಕಾರಣಿಗಳು ಕೇಳಿದರು. ಅಜ್ಜಿ ಪೇಪರ್ ಮಡಚಿಟ್ಟು, "ಅವನು ಏನು ಹೇಳ್ತಾನೆ ಅಂತ ಒಬ್ಬರೂ ಬರೆದಿಲ್ಲ" ಅಂತ ಬೇಜಾರು ಮಾಡಿಕೊಂಡಿದ್ದರು.

ಆ ಬೀದಿಯ ಹೆಸರೇ 'ಜೂನ್ 17ರ ಬೀದಿ'. 1953ರ ಜೂನ್ 17ರಂದು ಪೂರ್ವ ಬರ್ಲಿನ್‌ನ ಕೂಲಿಕಾರರು ಸರ್ಕಾರದ ವಿರುದ್ಧ ತಿರುಗಿಬಿದ್ದಿದ್ದರು. ಸೋವಿಯತ್ ಟ್ಯಾಂಕುಗಳು ಅವರನ್ನು ಅಡಗಿಸಿದವು. ಆ ನೆನಪಿಗೆ ಇಟ್ಟ ಹೆಸರು. ನನ್ನ ಯೂನಿವರ್ಸಿಟಿಯ ವಿಳಾಸವೂ ಅದೇ ಬೀದಿ. ಅಲ್ಲಿ ಅಷ್ಟು ಜನರನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಹಿಂದಿನ ತಿಂಗಳ ಯೂರೋ ಕಪ್ ಫುಟ್ಬಾಲ್ ಸಮಯದಲ್ಲಿ ಮಾತ್ರ. ನಮ್ಮ ಜಾತ್ರೆ ಥರವೇ ಇತ್ತು. ಹೆಗಲ ಮೇಲೆ ಮಕ್ಕಳು, ಸಾಸೇಜ್ ಸುಡುವ ಹೊಗೆ, ಬಿಯರ್, ವೇದಿಕೆ ಮೇಲೆ ಹಾಡು. ಪೊಲೀಸರ ಲೆಕ್ಕದಲ್ಲಿ ಸುಮಾರು 2 ಲಕ್ಷ ಜನ.

ಒಬ್ಬ ಹುಡುಗ ಸಣ್ಣ ಸಣ್ಣ ಅಮೆರಿಕದ ಬಾವುಟ ಹಂಚುತ್ತಾ ಬಂದ. ನಾನು ಒಂದು ತಗೊಂಡೆ. ಅಜ್ಜಿ ಕೈ ಹಿಂದಕ್ಕೆ ಕಟ್ಟಿಕೊಂಡರು. ಬೇಡ ಅನ್ನಲಿಲ್ಲ, ಕೈ ಚಾಚಲೂ ಇಲ್ಲ. ಆಮೇಲೆ ಹೇಳಿದರು: 2003ರ ಫೆಬ್ರವರಿ 15ರಂದು ಇದೇ ಬೀದಿಯಲ್ಲಿ, ಕೊರೆಯುವ ಚಳಿಯಲ್ಲಿ ನಿಂತಿದ್ದರಂತೆ. ಇರಾಕ್ ಯುದ್ಧ ಬೇಡ ಅಂತ ಬರ್ಲಿನ್‌ನಲ್ಲಿ ಆವತ್ತು ಸೇರಿದ್ದು ಸುಮಾರು 5 ಲಕ್ಷ ಜನ. ತಿಂಗಳೊಪ್ಪತ್ತಿನಲ್ಲಿ ಯುದ್ಧ ಶುರುವಾಗೇ ಬಿಟ್ಟಿತು. "ಆವತ್ತು ನಮ್ಮ ಮಾತು ಯಾರೂ ಕೇಳಲಿಲ್ಲ. ಇವತ್ತು ಇವನ ಮಾತು ಕೇಳಿ ನೋಡ್ತೀನಿ. ಬಾವುಟದ ವಿಚಾರ ಆಮೇಲೆ" ಅಂದರು.

ಏಳು ಗಂಟೆ ಆಯಿತು. ಬಿಸಿಲು ಇನ್ನೂ ಮರಗಳ ತುದಿಯಲ್ಲಿತ್ತು. ಒಬಾಮಾ ವೇದಿಕೆಗೆ ಬಂದರು. ನಾವಿದ್ದ ಕಡೆಗೆ ಉಗುರಿನಷ್ಟು ಕಾಣಿಸುತ್ತಿದ್ದರು. ದೊಡ್ಡ ಪರದೆಯಲ್ಲಿ ಮುಖ ನೋಡಬೇಕಿತ್ತು. ಅಭ್ಯರ್ಥಿಯಾಗಿ ಅಲ್ಲ, ಅಮೆರಿಕದ ಒಬ್ಬ ಪ್ರಜೆಯಾಗಿ, ಜಗತ್ತಿನ ಒಬ್ಬ ಪ್ರಜೆಯಾಗಿ ಮಾತಾಡ್ತೀನಿ ಅಂತ ಶುರು ಮಾಡಿದರು. ಇದಕ್ಕೆ ಮುಂಚೆ ಈ ಊರಲ್ಲಿ ಮಾತಾಡಿದ ಅಮೆರಿಕನ್ನರ ಹಾಗೆ ನಾನು ಕಾಣಲ್ಲ, ನನ್ನಪ್ಪ ಕೀನ್ಯಾದಲ್ಲಿ ಆಡು ಮೇಯಿಸಿ ಬೆಳೆದವರು ಅಂದರು. ನಮ್ಮ ತಾತನೂ ಕುರಿ ಮೇಯಿಸಿದವರೇ. ಅಜ್ಜಿಗೆ ಅನುವಾದ ಮಾಡುವುದನ್ನೂ ಮರೆತು ಒಂದು ಗಳಿಗೆ ನಾನು ಸುಮ್ನೆ ನಿಂತುಬಿಟ್ಟೆ. ಅಜ್ಜಿ ತೋಳು ತಿವಿದರು.

ಆಮೇಲೆ ಮಾತು 1948ಕ್ಕೆ ಹೋಯಿತು. ಸೋವಿಯತ್ ಸೇನೆ ಪಶ್ಚಿಮ ಬರ್ಲಿನ್‌ಗೆ ಬರುವ ರಸ್ತೆ, ರೈಲು ಎಲ್ಲ ಮುಚ್ಚಿದ ವರ್ಷ ಅದು. ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನಕ್ಕೆ ಹಿಟ್ಟು, ಕಲ್ಲಿದ್ದಲು, ಹಾಲಿನ ಪುಡಿ ಎಲ್ಲ ಅಮೆರಿಕ, ಬ್ರಿಟನ್ ವಿಮಾನಗಳಲ್ಲೇ ಬರಬೇಕಿತ್ತು. ಒಬಾಮಾ ಬಾಯಿಂದ "ಟೆಂಪಲ್‌ಹೋಫ್" ಅನ್ನೋ ಪದ ಬಂದದ್ದೇ ತಡ, ಅಜ್ಜಿ ನನ್ನ ಅನುವಾದಕ್ಕೆ ಕಾಯಲಿಲ್ಲ. "ಗೊತ್ತು, ಗೊತ್ತು" ಅಂದರು. ಟೆಂಪಲ್‌ಹೋಫ್ ಆ ವಿಮಾನಗಳು ಇಳಿಯುತ್ತಿದ್ದ ನಿಲ್ದಾಣ. ಅಜ್ಜಿಗೆ ಆಗ ಏಳು ವರ್ಷ. ಪೈಲಟ್‌ಗಳು ಮಕ್ಕಳಿಗೆ ಅಂತ ಕರವಸ್ತ್ರದ ಪುಟ್ಟ ಪ್ಯಾರಾಚೂಟ್ ಕಟ್ಟಿ ಮಿಠಾಯಿ, ಒಣದ್ರಾಕ್ಷಿ ಉದುರಿಸುತ್ತಿದ್ದರು. ಊರಿನವರು ಆ ವಿಮಾನಗಳಿಗೆ 'ಒಣದ್ರಾಕ್ಷಿ ಬಾಂಬರ್' ಅಂತಲೇ ಹೆಸರಿಟ್ಟಿದ್ದರು. ಅಜ್ಜಿಗೆ ಒಂದು ಸಲ ಮಾತ್ರ ಸಿಕ್ಕಿತ್ತಂತೆ. ಒಂದು ಹಿಡಿ ದ್ರಾಕ್ಷಿ. ತಮ್ಮನಿಗೂ ಕೊಡದೆ ಮೆಟ್ಟಿಲ ಕೆಳಗೆ ಕೂತು ತಿಂದಿದ್ದರಂತೆ. ಅರವತ್ತು ವರ್ಷ ಆದ ಮೇಲೂ ಅದನ್ನು ಹೇಳುವಾಗ ಅವರ ಮುಖ ಕೆಂಪಾಗುತ್ತಿತ್ತು.

ಇರಾಕ್ ಯುದ್ಧ ಮುಗಿಸಬೇಕು ಅಂದಾಗ ಚಪ್ಪಾಳೆ ಮುಗಿಲು ಮುಟ್ಟಿತು. ಅಣ್ವಸ್ತ್ರ ಇಲ್ಲದ ಜಗತ್ತು ಅಂದಾಗಲೂ ಹಾಗೇ. ಅಫ್ಘಾನಿಸ್ತಾನದ ಮಾತು ಬಂದಾಗ ಮಾತ್ರ ಬೇರೆ ಥರ ಆಯಿತು. ಅಮೆರಿಕ ಒಂದರಿಂದಲೇ ಆಗಲ್ಲ, ಅಫ್ಘನ್ನರಿಗೆ ನಮ್ಮ ಸೈನಿಕರೂ ಬೇಕು, ನಿಮ್ಮ ಸೈನಿಕರೂ ಬೇಕು ಅಂತ ಅವರು ಹೇಳಿದರು. ಅನುವಾದ ಮಾಡಿದೆ. ನಮ್ಮ ಸುತ್ತಮುತ್ತ ಬಡಿಯುತ್ತಿದ್ದ ಕೈಗಳು ಕೆಳಗಿಳಿದವು. ಕೂಗಲಿಲ್ಲ, ಬೈಯಲಿಲ್ಲ. ಎಲ್ಲೋ ದೂರದಲ್ಲಿ ಅಲ್ಲೊಂದು ಇಲ್ಲೊಂದು ಚಪ್ಪಾಳೆ. ಮುಂದೆ ನಿಂತಿದ್ದ ಗಂಡಸು ಎದೆಗೆ ಕೈ ಕಟ್ಟಿಕೊಂಡ. ಅಜ್ಜಿ ಕೋಟಿನ ಗುಂಡಿ ಹಾಕಿಕೊಂಡರು. ಚಳಿಯೇನೂ ಇರಲಿಲ್ಲ.

ಮನೆಗೆ ಬಂದು ಮಲಗಿದೆ. ಬೆಳಗ್ಗೆ ಎದ್ದು ಇದನ್ನೆಲ್ಲ ಅಪ್ಪನಿಗೆ ಹೇಳಬೇಕು ಅಂತಿದ್ದೆ. ಜುಲೈ 25, ಶುಕ್ರವಾರ. ಬೆಂಗಳೂರಿನಲ್ಲಿ ಸರಣಿ ಬಾಂಬ್ ಸ್ಫೋಟ. ಮಡಿವಾಳ, ಆಡುಗೋಡಿ, ನಾಯಂಡಹಳ್ಳಿ ಅಂತ ಒಂದೊಂದೇ ಹೆಸರು ಕಂಪ್ಯೂಟರ್ ಪರದೆ ಮೇಲೆ ಬರುತ್ತಿತ್ತು. ಮಡಿವಾಳದ ಬಸ್ ಸ್ಟಾಪಿನಲ್ಲಿ ನಿಂತಿದ್ದ ಹೆಂಗಸೊಬ್ಬರು ಸತ್ತರು. ನನ್ನ ತಮ್ಮ ದಿನಾ ಬಸ್ ಹತ್ತುತ್ತಿದ್ದುದು ಅಲ್ಲೇ. ಅವನ ಫೋನ್ ಸಿಗಲಿಲ್ಲ. ಮನೆ ಫೋನೂ ಸಿಗಲಿಲ್ಲ. ಅಜ್ಜಿ ಒಂದು ಮಾತೂ ಆಡದೆ ನನ್ನ ಪಕ್ಕ ಕೂತು, ರೀಡಯಲ್ ಬಟನ್ ಒತ್ತುತ್ತಾ ಇದ್ದರು. ಮೂರು ಗಂಟೆ ಹೊತ್ತಿಗೆ ಅಪ್ಪ ಸಿಕ್ಕರು. ತಮ್ಮ ಆಫೀಸಿನಲ್ಲೇ ಇದ್ದ, ಏನೂ ಆಗಿರಲಿಲ್ಲ.

ಉಸಿರು ಹಿಡಿತಕ್ಕೆ ಬಂದ ಮೇಲೆ ಅಪ್ಪ ಕೇಳಿದರು, "ನಿನ್ನೆ ಹೋಗಿದ್ಯೇನಮ್ಮ? ಏನಂದ ಅವನು? ಅಲ್ಲ, ಇನ್ನೂ ಗೆದ್ದೇ ಇಲ್ವಲ್ಲ, ಆಗಲೇ ದೇಶ ಸುತ್ತೋಕೆ ಹೊರಟಿದಾನೆ." ಒಬಾಮಾ ಜೇಬಿನಲ್ಲಿ ಪುಟ್ಟ ಆಂಜನೇಯನ ಮೂರ್ತಿ ಇರುತ್ತೆ ಅಂತ ಅಪ್ಪ ಹಿಂದಿನ ತಿಂಗಳು ಪೇಪರಿನಲ್ಲಿ ಓದಿದ್ದರು. ಆವತ್ತಿನಿಂದ ಅವರಿಗೆ ಒಂದು ಥರ ಅಕ್ಕರೆ. ಆದರೆ ಭಾರತ-ಅಮೆರಿಕ ಅಣು ಒಪ್ಪಂದದ ಅನುಮಾನವೂ ಇತ್ತು. ಆ ವಾರದ ಮಂಗಳವಾರ ಅದೇ ಒಪ್ಪಂದದ ವಿಚಾರಕ್ಕೆ ನಮ್ಮ ಲೋಕಸಭೆಯಲ್ಲಿ ವಿಶ್ವಾಸಮತ ನಡೆದಿತ್ತು; ನೋಟಿನ ಕಂತೆ ತೋರಿಸಿ ಗಲಾಟೆಯಾಗಿ, ಮನಮೋಹನ್ ಸಿಂಗ್ ಸರ್ಕಾರ 275–256ರಲ್ಲಿ ಉಳಿದುಕೊಂಡಿತ್ತು. ಆ ಒಪ್ಪಂದ ಅಮೆರಿಕದಲ್ಲೂ ಪಾಸಾಗಬೇಕಿತ್ತು. "ಇವನು ಬಂದರೆ ಅದನ್ನ ಏನು ಮಾಡ್ತಾನೋ. ಈ ಬಾಂಬು ಗೀಂಬು ನಿಲ್ಲೋಕೆ ಏನಾದ್ರೂ ಮಾಡ್ತಾನಾ?" ಅಂದರು. ತಿಪಟೂರಿನ ರಿಟೈರ್ಡ್ ಮೇಷ್ಟರು ಅಮೆರಿಕದ ಅಭ್ಯರ್ಥಿಯ ಬಗ್ಗೆ ಹೀಗೆ ಕೇಳಿದ್ದರಲ್ಲಿ ತಪ್ಪೇನಿದೆ? ಅಲ್ಲಿ ಯಾರು ಗೆಲ್ಲುತ್ತಾರೆ ಅನ್ನೋದು ನಮ್ಮ ಮನೆ ಬಾಗಿಲಿಗೂ ಬರುತ್ತೆ.

ಎಲ್ಲ ಕಡೆಯೂ ಬರ್ಲಿನ್ ಥರ ಸ್ವಾಗತ ಸಿಕ್ಕಿರಲಿಲ್ಲ ಅನ್ನೋದನ್ನೂ ಹೇಳಬೇಕು. ಜೆರುಸಲೇಮಿನ ಪಶ್ಚಿಮ ಗೋಡೆಯ ಹತ್ತಿರ ಒಬ್ಬ, ಜೆರುಸಲೇಮ್ ಮಾರಾಟಕ್ಕಿಲ್ಲ ಅಂತ ಒಬಾಮಾ ಕಡೆ ಕೂಗುತ್ತಲೇ ಇದ್ದ. ಆ ಗೋಡೆಯ ಸಂದಿಗೆ ಒಬಾಮಾ ಇಟ್ಟ ಪ್ರಾರ್ಥನೆಯ ಚೀಟಿಯನ್ನು ಯಾರೋ ಎಗರಿಸಿದರು. ಮಾರಿವ್ ಅನ್ನೋ ಪತ್ರಿಕೆ ಅದನ್ನು ಅಚ್ಚು ಹಾಕಿತು. ದೇವರ ಹುಂಡಿಗೆ ಹಾಕಿದ ಚೀಟಿ ತೆಗೆದು ಊರಿಗೆಲ್ಲ ಓದಿದ ಹಾಗಾಯಿತು ಅಲ್ವಾ? ಇಸ್ರೇಲಿನಲ್ಲೇ ಬಹಳ ಜನಕ್ಕೆ ಇದು ಸಿಟ್ಟು ತರಿಸಿತು.

ಅಮೆರಿಕದ ಮಾತು ನನಗೆ ಅಕ್ಕನಿಂದ ಗೊತ್ತಾಗುತ್ತಿತ್ತು. ಅಕ್ಕ, ಭಾವ ಇರೋದು ಓಹಿಯೋದ ಕೊಲಂಬಸ್‌ನಲ್ಲಿ. ಅಕ್ಕನಿಗೆ ಆಗಷ್ಟೇ ಸಿಟಿಜನ್‌ಶಿಪ್ ಬಂದಿತ್ತು, ನವೆಂಬರಿನಲ್ಲಿ ಮೊದಲ ವೋಟು. ನಾವು ಬರ್ಲಿನ್‌ನಲ್ಲಿ ನಿಂತಿದ್ದ ದಿನವೇ ಎದುರಾಳಿ ಜಾನ್ ಮೆಕೇನ್ ಕೊಲಂಬಸ್‌ನ 'ಜರ್ಮನ್ ವಿಲೇಜ್' ಅನ್ನೋ ಏರಿಯಾದ ಹೋಟೆಲಿನಲ್ಲಿ ಜರ್ಮನ್ ಊಟ ಮಾಡಿದ್ದರು. ಜರ್ಮನಿಯಲ್ಲಿ ಭಾಷಣ ಮಾಡೋಕೆ ನನಗೂ ಇಷ್ಟ, ಆದರೆ ಅಧ್ಯಕ್ಷನಾದ ಮೇಲೆ ಅಂದಿದ್ದರು. ಅಕ್ಕನ ಆಫೀಸಿನಲ್ಲಿ ಅದೇ ಚರ್ಚೆ. ಇವನು ನಿಂತಿರೋದು ಅಮೆರಿಕಕ್ಕೋ ಜರ್ಮನಿಗೋ ಅಂತ ಒಬ್ಬರು. ಜರ್ಮನಿಯಲ್ಲೇ ಇರುವ ಅಮೆರಿಕ ಸೈನ್ಯದ ಲಾಂಡ್‌ಸ್ಟೂಲ್ ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕರನ್ನು ನೋಡೋದು ಬಿಟ್ಟು ಹೋದನಲ್ಲ ಅಂತ ಇನ್ನೊಬ್ಬರು. ಆ ಭೇಟಿ ಚುನಾವಣಾ ಪ್ರಚಾರ ಅನ್ನಿಸಿಕೊಳ್ಳುತ್ತೆ ಅಂತ ಕೈಬಿಟ್ಟಿದ್ದರು. ಆದರೆ ಅಕ್ಕನ ಪಕ್ಕದ ಸೀಟಿನಲ್ಲಿ ಕೂರುವ ಹೆಂಗಸಿಗೆ ಆ ಕಾರಣ ಸಾಲಲಿಲ್ಲ. ಆಕೆಯ ಮಗ ಸೈನ್ಯದಲ್ಲಿದ್ದ.

ಜುಲೈ 30ಕ್ಕೆ ಮೆಕೇನ್ ಕಡೆಯವರ ಜಾಹೀರಾತು ಬಂತು. ಅಕ್ಕ ಲಿಂಕ್ ಕಳಿಸಿದಳು. ಅರ್ಧ ನಿಮಿಷದ್ದು. ನಾವು ನಿಂತಿದ್ದ ಅದೇ ಬೀದಿ, ಅದೇ ಸ್ತಂಭ, "ಒಬಾಮಾ, ಒಬಾಮಾ" ಅನ್ನೋ ಕೂಗು. ನಡುವೆ ಬ್ರಿಟ್ನಿ ಸ್ಪಿಯರ್ಸ್, ಪ್ಯಾರಿಸ್ ಹಿಲ್ಟನ್ ಮುಖ ಮಿಂಚಿ ಹೋಗುತ್ತೆ. ಇವನು ಜಗತ್ತಿನ ಅತಿ ದೊಡ್ಡ ಸೆಲೆಬ್ರಿಟಿ, ದೇಶ ನಡೆಸೋಕೆ ತಯಾರಿದ್ದಾನಾ ಅಂತ ಪ್ರಶ್ನೆ.

ನನಗೆ ಮೈಯೆಲ್ಲ ಉರಿಯಿತು. ಹುಚ್ಚು ಅಭಿಮಾನ ಅಲ್ಲಿ ಇರಲೇ ಇಲ್ಲ ಅನ್ನಲ್ಲ. ಒಬಾಮಾ ಜೊತೆ ಹೋಟೆಲಿನ ಜಿಮ್‌ನಲ್ಲಿ ಇದ್ದದ್ದನ್ನೇ ಬಿಲ್ಡ್ ಪತ್ರಿಕೆಯ ವರದಿಗಾರ್ತಿ ದೊಡ್ಡ ಸುದ್ದಿ ಮಾಡಿದ್ದರು. ಆದರೆ ಆ ಗುಂಪಿನಲ್ಲಿ ನನ್ನ ಪಕ್ಕ ನಿಂತಿದ್ದವರು ಫ್ಯಾನ್ ಅಲ್ಲ. ಅವರು ಒಂದೊಂದು ಮಾತಿಗೂ ಅನುವಾದ ಕೇಳಿ, ಒಪ್ಪಿಗೆಯಾದರೆ ಮಾತ್ರ ಕೈ ತಟ್ಟಿದವರು.

ಅಜ್ಜಿಗೆ ತೋರಿಸಿದೆ. ಎರಡು ಸಲ ನೋಡಿದರು. ಕನ್ನಡಕ ತೆಗೆದು, "ಕೂಗಿದ್ದು ತೋರಿಸಿದಾರೆ. ನಾವು ಸುಮ್ಮನಾಗಿದ್ದು ತೋರಿಸಿಲ್ಲ" ಅಂದರು.

ಆ ರಾತ್ರಿ ಅಕ್ಕನಿಗೆ ಇಡೀ ಸಂಜೆಯ ಕಥೆಯನ್ನು ಇಂಗ್ಲಿಷಿನಲ್ಲಿ ಬರೆದು ಮೇಲ್ ಹಾಕಿದೆ. ಒಣದ್ರಾಕ್ಷಿ, 2003ರ ಮೆರವಣಿಗೆ, ಅಜ್ಜಿ ಮುಟ್ಟದ ಬಾವುಟ, ಅಫ್ಘಾನಿಸ್ತಾನ ಅಂದಾಗ ಇಳಿದ ಕೈಗಳು. ನಿನ್ನ ಪಕ್ಕದ ಸೀಟಿನವರಿಗೆ ಓದೋಕೆ ಕೊಡು ಅಂದೆ. ವೋಟು ಯಾರಿಗೆ ಹಾಕಬೇಕು ಅಂತ ಹೇಳೋಕೆ ನಾನ್ಯಾರು? ನಾವು ಯಾಕೆ ಅಲ್ಲಿ ನಿಂತಿದ್ವಿ ಅನ್ನೋದು ಅವರಿಗೆ ಗೊತ್ತಾಗಬೇಕಿತ್ತು, ಅಷ್ಟೇ.

ನಾಲ್ಕು ದಿನ ಬಿಟ್ಟು ಅಕ್ಕ ಫೋನ್ ಮಾಡಿದಳು. "ಪುಟ್ಟಿ, ಅವರು ಪೂರ್ತಿ ಓದಿದ್ರು ಕಣೇ. ಒಂದೇ ಪ್ರಶ್ನೆ ಕೇಳಿದ್ರು. ಜರ್ಮನಿಯ ಹುಡುಗರೂ ಅಲ್ಲಿ ಇದಾರಾ ಅಂತ."

ಅಫ್ಘಾನಿಸ್ತಾನದ ಉತ್ತರ ಭಾಗದ ಕುಂದುಜ್‌ನಲ್ಲಿ ಜರ್ಮನ್ ಸೈನ್ಯದ ಕ್ಯಾಂಪ್ ಇದೆ ಅಂತ ಪೇಪರ್ ಓದಿ ನನಗೆ ಗೊತ್ತಿತ್ತು. ಆದರೂ ಅಜ್ಜಿಯನ್ನೇ ಕೇಳಿದೆ. ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು. ಚಾಕು ಕೆಳಗಿಟ್ಟು, ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ಒಂದು ಫೋಟೋ ಕಿತ್ತು ಕೈಗೆ ಕೊಟ್ಟರು. ದಿನಾ ಹಾಲು ತೆಗೆಯುವಾಗ ನೋಡುತ್ತಿದ್ದ ಫೋಟೋ. ತಂಗಿಯ ಮೊಮ್ಮಗ ಅಂತ ಗೊತ್ತಿತ್ತು. ಹಿಂದಿರುವ ಒಣ ಗುಡ್ಡಗಳನ್ನು ನಾನು ಯಾವತ್ತೂ ಗಮನಿಸಿರಲಿಲ್ಲ.

"ಮಾರ್ಚ್‌ನಿಂದ ಅಲ್ಲಿದಾನೆ. ಅವರಿಗೆ ಬರಿ" ಅಂದರು. ಬರೆದೆ.