ಆರ್ಕಿಡ್‌ಗೆ ಹಗಲು ತಂಪಾಗಿರಲಿ

ಫೆಲನಾಪ್ಸಿಸ್ ಆರ್ಕಿಡ್ ಮನೆಯೊಳಗೆ ಎರಡನೇ ಸಲ ಹೂ ಬಿಡುವುದೇ ಇಲ್ಲ ಎಂದು ಕೈಚೆಲ್ಲಿದವರನ್ನು ಕಂಡಾಗಲೆಲ್ಲ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಗಿಡ ಇರುವ ಜಾಗದಲ್ಲಿ ಮಧ್ಯಾಹ್ನ ಎರಡು ಗಂಟೆಗೆ ತಾಪಮಾನ ಎಷ್ಟು? ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಯಾವ ಗೊಬ್ಬರ ಹಾಕುತ್ತಾರೆ, ವಾರಕ್ಕೆ ಎಷ್ಟು ಸಲ ನೀರು ಕೊಡುತ್ತಾರೆ, ರಾತ್ರಿ ಕಿಟಕಿ ತೆರೆದಿಡುತ್ತಾರೋ ಇಲ್ಲವೋ, ಎಲ್ಲವನ್ನೂ ಹೇಳುತ್ತಾರೆ. ಹಗಲಿನ ಬಿಸಿಯ ಲೆಕ್ಕ ಮಾತ್ರ ಯಾರೂ ಇಟ್ಟಿರುವುದಿಲ್ಲ. ಈ ಗಿಡದ ಮಟ್ಟಿಗೆ ಇಡಲೇಬೇಕಾದ ಲೆಕ್ಕ ಅದು.

ರಾತ್ರಿ ತಂಪಾಗಿರಬೇಕು, ಹಗಲಿಗೂ ರಾತ್ರಿಗೂ ನಡುವೆ ಒಳ್ಳೆಯ ಅಂತರವಿರಬೇಕು ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಅದರಂತೆ ನಡೆದು ಹೂ ಕಂಡವರೂ ಇದ್ದಾರೆ, ಏಕೆಂದರೆ ರಾತ್ರಿ ತಂಪಾಗುವ ಕಾಲದಲ್ಲಿ ಸಾಮಾನ್ಯವಾಗಿ ಹಗಲಿನ ಬಿಸಿಯೂ ಇಳಿದಿರುತ್ತದೆ. ಹೂವಿಗೆ ಕಾರಣ ಯಾವುದು ಎಂಬುದು ಹಾಗಾಗಿ ಮರೆಯಾಗಿಯೇ ಉಳಿಯುತ್ತದೆ. ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಬ್ಲಾಂಚರ್ಡ್ ಮತ್ತು ಎರಿಕ್ ರಂಕಲ್ 2006ರಲ್ಲಿ ಪ್ರಕಟಿಸಿದ ಸಂಶೋಧನೆ ಇವೆರಡನ್ನೂ ಬಿಡಿಸಿ ನೋಡಿತು. ಹಗಲು 29 ಡಿಗ್ರಿ ಸೆಲ್ಸಿಯಸ್ ಇದ್ದಾಗ, ರಾತ್ರಿ 17 ಡಿಗ್ರಿಗೆ ಇಳಿಸಿದರೂ ಹೂದಂಡು, ಅಂದರೆ ಹೂ ಬಿಡುವ ದಂಟು, ಮೂಡುವುದಕ್ಕೆ ತಡೆಯಾಯಿತು. ಹೂವನ್ನು ನಿರ್ಧರಿಸುವುದು ಹಗಲಿನ ತಾಪಮಾನವೇ ಹೊರತು ರಾತ್ರಿಯದಲ್ಲ ಎಂಬುದು ಅವರ ತೀರ್ಮಾನ. ಅದನ್ನು ಓದಿದ ದಿನವೇ ನಾನು ಕಿಟಕಿಯ ಬಳಿ ಕನಿಷ್ಠ–ಗರಿಷ್ಠ ತೋರಿಸುವ ಚಿಕ್ಕ ಥರ್ಮಾಮೀಟರ್ ಒಂದನ್ನು ತಂದಿಟ್ಟೆ. ಈ ಗಿಡಕ್ಕಾಗಿ ನಾನು ಕೊಂಡ ವಸ್ತುಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದದ್ದು ಇನ್ನೊಂದಿಲ್ಲ.

ಅಕ್ಕನ ಮನೆಯ ಗಿಡ ಈ ಮಾತಿಗೆ ಒಳ್ಳೆಯ ಸಾಕ್ಷಿ. ಬಿಳಿ ಹೂವಿನ ದೊಡ್ಡ ಜಾತಿ, ಅಂಗೈಗಿಂತ ಅಗಲವಾದ ಎಲೆಗಳು, ಪಾರದರ್ಶಕ ಕುಂಡದ ತುಂಬ ದಪ್ಪ ಬೇರು. ಆರೋಗ್ಯಕ್ಕೆ ಏನೂ ಕೊರತೆಯಿರಲಿಲ್ಲ, ಹೂ ಮಾತ್ರ ಇರಲಿಲ್ಲ. ಅದನ್ನು ಅವಳು ಮಲಗುವ ಕೋಣೆಯಲ್ಲಿ ಇಟ್ಟಿದ್ದಳು. “ರಾತ್ರಿಯಿಡೀ ಎ.ಸಿ. 22ರಲ್ಲಿ ಇರುತ್ತದೆ, ಇದಕ್ಕಿಂತ ತಂಪು ಇನ್ನೆಲ್ಲಿಂದ ತರಲಿ?” ಎಂದು ಕೇಳಿದಳು. ಬೆಳಿಗ್ಗೆ ಎ.ಸಿ. ಆರಿಸಿ ಬಾಗಿಲು ಮುಚ್ಚಿದ ಮೇಲೆ ಆ ಕೋಣೆ ಸಂಜೆಯವರೆಗೆ ಬಿಸಿಯೇರುತ್ತಲೇ ಇರುತ್ತಿತ್ತು. ಅವಳು ದಿನವಿಡೀ ಕುಳಿತು ಕೆಲಸ ಮಾಡುವ ಕೋಣೆ ಬೇರೆ. ಅಲ್ಲಿ ಹಗಲು 24–25 ಡಿಗ್ರಿ, ಪೂರ್ವಕ್ಕೆ ಕಿಟಕಿ. “ಅಕ್ಕ, ಗಿಡ ನಿನ್ನ ಜೊತೆಯಲ್ಲೇ ಕೆಲಸಕ್ಕೆ ಬರಲಿ” ಎಂದೆ. ಗಾಳಿ ನೇರವಾಗಿ ಬಡಿಯದ ಮೂಲೆಗೆ ಅದನ್ನು ಸರಿಸಿದೆವು. ಮುಂದಿನ ತಿಂಗಳು ಅವಳು ಕಳುಹಿಸಿದ ಚಿತ್ರದಲ್ಲಿ ಎಲೆಯ ಬುಡದಿಂದ ಹಸಿರು ಮೊಳಕೆಯೊಂದು ಇಣುಕಿತ್ತು. ಅದು ಹೂದಂಡೋ ಬೇರೋ ಎಂದು ಆ ರಾತ್ರಿ ನಾವಿಬ್ಬರೂ ಬಹಳ ಹೊತ್ತು ಚರ್ಚಿಸಿದೆವು.

ನಿಜವಾದ ತೊಡಕು ಇರುವುದು ಬೆಳಕಿನಲ್ಲಿ. ಹೂವಿಗೆ ಬೆಳಕೂ ಬೇಕು, ತಂಪೂ ಬೇಕು. ಮನೆಯಲ್ಲಿ ಹೆಚ್ಚು ಬೆಳಕಿರುವ ಕಿಟಕಿಯೇ ಹೆಚ್ಚು ಬಿಸಿಯೂ ಆಗಿರುತ್ತದೆ. ಬಿಸಿಗೆ ಹೆದರಿ ಗಿಡವನ್ನು ಕೋಣೆಯ ಒಳಕ್ಕೆ ಸರಿಸಿದರೆ ಬೆಳಕು ಕುಸಿಯುತ್ತದೆ. ಎಷ್ಟು ಕುಸಿಯುತ್ತದೆ ಎಂಬುದು ನಮ್ಮ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಕಣ್ಣು ಅಷ್ಟು ಬೇಗ ಹೊಂದಿಕೊಳ್ಳುತ್ತದೆ. ಹೊರಗಿನ ನಡು ಹಗಲಿನ ಬಿಸಿಲು ಒಂದು ಲಕ್ಷ ಲಕ್ಸ್‌ನಷ್ಟಿದ್ದರೆ, ಕೋಣೆಯ ನಡುವಿನ ಮೇಜಿನ ಮೇಲೆ ಸಿಗುವುದು ಕೆಲವು ನೂರು ಮಾತ್ರ. ಫೆಲನಾಪ್ಸಿಸ್ ಚೆನ್ನಾಗಿ ಹೂ ಬಿಡಲು 10ರಿಂದ 15 ಸಾವಿರ ಲಕ್ಸ್ ಇರುವುದು ಒಳ್ಳೆಯದು. ಮೊಬೈಲಿನ ಆ್ಯಪ್‌ನಲ್ಲಿ ಅಂದಾಜು ಅಳತೆ ಸಿಗುತ್ತದೆ. ಅದೂ ಬೇಡವಾದರೆ, ಎಲೆಯಿಂದ ಒಂದು ಅಡಿ ಮೇಲೆ ಅಂಗೈ ಹಿಡಿದು ನೆರಳು ನೋಡಿ. ಅಂಚು ಮಸುಕಾಗಿದ್ದರೂ ಬೆರಳುಗಳನ್ನು ಗುರುತಿಸಬಹುದಾದ ನೆರಳು ಬಿದ್ದರೆ ಬೆಳಕು ಸಾಕು. ನೆರಳೇ ಕಾಣದಿದ್ದರೆ ಅಲ್ಲಿ ಗಿಡ ಬದುಕುತ್ತದೆ, ಹೂ ಬಿಡುವ ಭರವಸೆ ಕಡಿಮೆ.

ಎಲೆಯ ಬಣ್ಣವೂ ಇದನ್ನೇ ಹೇಳುತ್ತದೆ. ಕಡು ಹಸಿರು ಎಲೆಯನ್ನು ಎಲ್ಲರೂ ಮೆಚ್ಚುತ್ತಾರೆ, ನನಗೆ ಅದನ್ನು ಕಂಡರೆ ಮರುಕ. ಬೆಳಕು ಸಾಲದ ಗಿಡ ಹಾಗೆ ಕಪ್ಪಿಡುತ್ತದೆ. ಸಾಕಷ್ಟು ಬೆಳಕು ಕುಡಿದ ಎಲೆ ಸ್ವಲ್ಪ ತಿಳಿಯಾಗಿ, ತುಸು ಹಳದಿ ಬೆರೆತ ಹಸಿರಾಗಿರುತ್ತದೆ. ಪೂರ್ವದ ಕಿಟಕಿಯನ್ನು ನಾನು ಇಷ್ಟೊಂದು ಹೊಗಳುವುದು ಇದಕ್ಕೇ: ಬೆಳಗಿನ ಎಳೆಬಿಸಿಲು ತೆಳು ಪರದೆಯ ಮೂಲಕ ಬಂದು ಹೋಗುತ್ತದೆ, ಮಧ್ಯಾಹ್ನದ ಕಾವು ಅಲ್ಲಿಗೆ ತಲುಪುವುದಿಲ್ಲ. ಪಶ್ಚಿಮದ ಕಿಟಕಿಯೊಂದೇ ಇರುವವರು ತಂಪಾದ ಒಳಕೋಣೆಯಲ್ಲಿ ಎಲ್ಇಡಿ ದೀಪದ ಕೆಳಗೆ ದಿನಕ್ಕೆ 12 ಗಂಟೆ ಇಡುವುದು ವಾಸಿ. ಗಾಜಿನ ಹಿಂದೆ ಬಿಸಿಯಾಗುವ ಗಿಡಕ್ಕಿಂತ ದೀಪದ ಕೆಳಗಿನ ಗಿಡ ನೆಮ್ಮದಿಯಾಗಿರುತ್ತದೆ.

ಹೂವಿನ ಗೊಬ್ಬರ ಎಂದು ಮಾರುವ, ರಂಜಕ ಹೆಚ್ಚಿರುವ ಪುಡಿಗಳ ಮೇಲೆ ನನಗೆ ನಂಬಿಕೆಯಿಲ್ಲ. ಸಮತೋಲದ ಗೊಬ್ಬರವನ್ನು ನೀರಾಗಿ ಕಲಸಿ ಆಗಾಗ ಕೊಟ್ಟರೆ ಸಾಕು. ನೀರಿನ ವಿಷಯವನ್ನು ಬೇರಿಗೇ ಬಿಡುತ್ತೇನೆ: ಬೆಳ್ಳಿಯ ಬಣ್ಣಕ್ಕೆ ತಿರುಗಿದಾಗ ನೀರು, ಹಸಿರಾಗಿರುವವರೆಗೆ ಬೇಡ.

ಬಲಿತ ಗಿಡ 25 ಡಿಗ್ರಿ ಅಥವಾ ಅದಕ್ಕಿಂತ ತುಸು ಕಡಿಮೆ ತಾಪಮಾನದಲ್ಲಿದ್ದರೆ ಸಾಮಾನ್ಯವಾಗಿ ನಾಲ್ಕೈದು ವಾರಗಳಲ್ಲಿ ಹೂದಂಡು ತೋರಿಸುತ್ತದೆ. ಹೂದಂಡೋ ಬೇರೋ ಎಂಬ ಪ್ರಶ್ನೆಗೆ ಉತ್ತರ ಮೊಳಕೆಯ ತುದಿಯಲ್ಲಿದೆ. ಬೇರಿನ ತುದಿ ಗುಂಡಗೆ, ನುಣ್ಣಗೆ, ಹೊಳೆಯುತ್ತಿರುತ್ತದೆ. ಹೂದಂಡಿನ ತುದಿ ಚಪ್ಪಟೆಯಾಗಿ, ಬೆರಳು ಮುಚ್ಚಿದ ಕೈಗವಸಿನ ಹಾಗೆ ಒಂದು ಪಕ್ಕಕ್ಕೆ ಮಡಿಚಿಕೊಂಡಿರುತ್ತದೆ. ಕೆಲವು ದಿನ ಕಾದರೆ ದಂಡು ಮೇಲಕ್ಕೆ ಏಳುತ್ತದೆ, ಸಂಶಯ ತೀರುತ್ತದೆ. ಅಲ್ಲಿಂದ ಮೊದಲ ಹೂವಿಗೆ ಇನ್ನೂ ಸುಮಾರು ಮೂರು ತಿಂಗಳು ಬೇಕು. ದಂಡು ಮೂಡಿತೆಂದು ಗಿಡವನ್ನು ಮತ್ತೆ ಬಿಸಿ ಜಾಗಕ್ಕೆ ಒಯ್ಯಬೇಡಿ. ಕುಂಡವನ್ನು ತಿರುಗಿಸಲೂ ಬೇಡಿ: ದಂಡು ಬೆಳಕಿನತ್ತ ಬಾಗುತ್ತ ಬೆಳೆಯುವುದರಿಂದ, ತಿರುಗಿಸಿದಾಗಲೆಲ್ಲ ಅದೂ ತಿರುಚಿಕೊಳ್ಳುತ್ತದೆ.

ಮೊಗ್ಗು ಕಟ್ಟಿದ ಮೇಲಿನ ದಿನಗಳು ನನಗೆ ಅತ್ಯಂತ ಆತಂಕದವು. ಹಣ್ಣಿನ ಬುಟ್ಟಿಯನ್ನು ಗಿಡದ ಪಕ್ಕದಿಂದ ದೂರ ಮಾಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಬಡಿದರೆ, ಇನ್ನೇನು ಅರಳಬೇಕು ಎನ್ನುವ ಮೊಗ್ಗುಗಳು ಹಳದಿಯಾಗಿ ಒಂದೊಂದಾಗಿ ಉದುರುತ್ತವೆ. ಒಣಗಾಳಿ ತಗುಲಿದರೂ, ಜಾಗ ಬದಲಿಸಿದರೂ ಮೊಗ್ಗಿಗೆ ಅದೇ ಗತಿ. ಅಕ್ಕನ ಗಿಡದಲ್ಲಿ ಒಂದು ಮೊಗ್ಗೂ ಬೀಳಲಿಲ್ಲ. ಹೂಗಳು ಎರಡು ತಿಂಗಳು ದಾಟಿ ನಿಂತವು.

ಹೂ ಮುಗಿದ ಮೇಲೆ ದಂಡನ್ನು ಏನು ಮಾಡಬೇಕೆಂದು ಅವಳು ಕೇಳಿದ್ದಾಳೆ. ದಂಡು ಹಸಿರಾಗಿದ್ದು ಎಲೆಗಳು ಗಟ್ಟಿಯಾಗಿದ್ದರೆ, ಬುಡದಿಂದ ಎರಡನೆಯ ಅಥವಾ ಮೂರನೆಯ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಿದರೆ ಅಲ್ಲಿಂದಲೇ ಕವಲೊಡೆದು ಮತ್ತೆ ಕೆಲವು ಹೂ ಸಿಗಬಹುದು. ಎಲೆಗಳು ಮೂರೇ ಉಳಿದಿದ್ದರೆ ಅಥವಾ ಸುಕ್ಕಾಗಿದ್ದರೆ ಆ ಆಸೆ ಬೇಡ; ಶುಚಿಯಾದ ಕತ್ತರಿಯಿಂದ ಬುಡದವರೆಗೆ ತೆಗೆದು, ಹೊಸ ಎಲೆ ಬರುವವರೆಗೆ ಗಿಡವನ್ನು ಅದರ ಪಾಡಿಗೆ ಬಿಡಬೇಕು. ಅವಳ ಗಿಡದಲ್ಲಿ ಎಲೆ ಬೇಕಾದಷ್ಟಿವೆ, ಹಾಗಾಗಿ ಗೆಣ್ಣಿನ ಮೇಲೆ ಕತ್ತರಿಸಲು ಹೇಳಿದ್ದೇನೆ.