ಫರ್ನೆಸ್ ಅಡ್ಡ ಮಲಗಿಸಿದ್ದಾರಲ್ಲ, ಸರಿನಾ?

ಡಲ್ಲಾಸ್ ಕಡೆ ಮನೆ ಕೊಳ್ಳುವ ನಮ್ಮ ಜನ ಇನ್‌ಸ್ಪೆಕ್ಷನ್ ದಿನ ಅಟ್ಟ ಹತ್ತಿ, ಅಲ್ಲಿರುವ ಫರ್ನೆಸ್ (ಮನೆ ಬೆಚ್ಚಗಿಡುವ ಗ್ಯಾಸ್ ಯಂತ್ರ) ನೋಡಿ ಇಳಿದ ಮೇಲೆ ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. "ಷಿಕಾಗೋದಲ್ಲಿ ನಮ್ಮ ಭಾವನ ಮನೇಲಿ ನೆಟ್ಟಗೆ ನಿಂತಿತ್ತು. ಇಲ್ಲಿ ಯಾಕೆ ಹೀಗೆ?"

ಸರಿಯಾಗಿಯೇ ಇದೆ. ಷಿಕಾಗೋ ಮನೆಗೆ ಸಾಮಾನ್ಯವಾಗಿ ಬೇಸ್‌ಮೆಂಟ್, ಅಂದರೆ ನೆಲದಡಿಯ ಕೋಣೆ ಇರುತ್ತದೆ, ಫರ್ನೆಸ್ ಅಲ್ಲಿ ನೆಟ್ಟಗೆ ನಿಲ್ಲುತ್ತದೆ. ಟೆಕ್ಸಾಸ್‌ನ ಹೆಚ್ಚಿನ ಮನೆಗಳು ಕಾಂಕ್ರೀಟ್ ಹಾಸಿನ ಮೇಲೆ ನಿಂತಿವೆ, ಕೆಳಗೆ ಜಾಗವೇ ಇಲ್ಲ. ಮನೆಯೊಳಗೆ ಒಂದು ಕ್ಲಾಸೆಟ್ ಬಿಟ್ಟುಕೊಡಲು ಬಿಲ್ಡರ್‌ಗೆ ಮನಸ್ಸಿಲ್ಲ. ಉಳಿಯುವುದು ಅಟ್ಟ. ಫರ್ನೆಸ್ ಪೆಟ್ಟಿಗೆ ಸುಮಾರು 33ರಿಂದ 35 ಇಂಚು ಎತ್ತರ. ನಿಲ್ಲಿಸಿದರೆ ಅದರ ತಲೆ ಮೇಲೆ ಗಾಳಿ ತಂಪು ಮಾಡುವ ಎಸಿ ಕಾಯಿಲ್, ಅದರ ಮೇಲೆ ಕೋಣೆಗಳಿಗೆ ಗಾಳಿ ಒಯ್ಯುವ ಡಕ್ಟ್. ಮಾಡಿನ ಇಳಿಜಾರಿಗೆ ತಲೆ ತಾಗುತ್ತದೆ. ಪೆಟ್ಟಿಗೆಯ ಅಗಲ ಮಾತ್ರ ಸಾಮಾನ್ಯವಾಗಿ 14.5, 17.5 ಅಥವಾ 21 ಇಂಚಿನಷ್ಟೇ. ಮಗ್ಗುಲಿಗೆ ಮಲಗಿಸಿದರೆ ಆ ಅಗಲವೇ ಎತ್ತರ. ಬೇರೆ ಊರುಗಳಲ್ಲಿ ನೆಲದಡಿ ತೆವಳಿಕೊಂಡು ಹೋಗುವ ಕ್ರಾಲ್ ಸ್ಪೇಸ್‌ನಲ್ಲೂ ಹೀಗೇ ಇಡುತ್ತಾರೆ.

ಬಿಸಿ ಗಾಳಿ ಮೇಲಕ್ಕೆ ಹೋಗಬೇಕಲ್ವಾ ಎಂದು ಕೆಲವರು ಕೇಳುತ್ತಾರೆ. ಇಲ್ಲಿ ಗಾಳಿ ತಾನಾಗಿ ಹೋಗುವುದಿಲ್ಲ, ಒಳಗಿನ ಫ್ಯಾನ್, ಅಂದರೆ ಬ್ಲೋವರ್ ತಳ್ಳುತ್ತದೆ. ಗ್ಯಾಸ್ ಉರಿ ಲೋಹದ ಕೊಳವೆಗಳ ಒಳಗೇ ಉಳಿಯುತ್ತದೆ, ಮನೆಯ ಗಾಳಿ ಆ ಕೊಳವೆಗಳ ಹೊರಮೈ ಸವರಿಕೊಂಡು ಬಿಸಿಯಾಗುತ್ತದೆ. ಬಚ್ಚಲ ಹಂಡೆಯ ನೀರಿಗೂ ಒಲೆಯ ಹೊಗೆಗೂ ಸಂಬಂಧ ಇರುವುದಿಲ್ಲವಲ್ಲ, ಹಾಗೆ. ಆ ಕೊಳವೆ ಬಿರುಕು ಬಿಟ್ಟರೆ ಅಪಾಯ, ಹೊಗೆಯ ವಿಷಾನಿಲ ಮನೆಯ ಗಾಳಿಗೆ ಸೇರಬಹುದು. ನೆಟ್ಟಗೆ ನಿಲ್ಲಿಸಿದ ಫರ್ನೆಸ್ಸಿಗೂ ಅದೇ ಅಪಾಯ. ಹೇಗಿಟ್ಟರೂ ಮಲಗುವ ಕೋಣೆಗಳ ಹತ್ತಿರ ಆ ವಿಷಾನಿಲ ಪತ್ತೆ ಹಚ್ಚುವ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು.

ಹಾಗಂತ ಸಿಕ್ಕಿದ ಫರ್ನೆಸ್ಸನ್ನೆಲ್ಲ ಉರುಳಿಸುವ ಹಾಗಿಲ್ಲ. ಅಡ್ಡ ಇಡಬಹುದು ಎಂದು ಅದರ ಮ್ಯಾನ್ಯುಯಲ್‌ನಲ್ಲೇ ಇರಬೇಕು. ಎಡಮಗ್ಗುಲೋ ಬಲಮಗ್ಗುಲೋ ಎನ್ನುವುದೂ ಅಲ್ಲೇ ಇರುತ್ತದೆ. ಬೆನ್ನ ಮೇಲಂತೂ ಮಲಗಿಸುವುದಿಲ್ಲ.

ಜನ ಬೆಂಕಿಗೆ ಹೆದರುತ್ತಾರೆ. ನಾನು ಮೊದಲು ನೋಡುವುದು ನೀರಿನ ದಾರಿ. ಫರ್ನೆಸ್‌ನಲ್ಲಿ ಮುಖ್ಯವಾಗಿ ಎರಡು ಜಾತಿ. 80 ಪರ್ಸೆಂಟ್ ದಕ್ಷತೆಯದರ ಹೊಗೆ ಬಿಸಿಬಿಸಿಯಾಗಿಯೇ ಲೋಹದ ಪೈಪಿನಲ್ಲಿ ಸೂರಿನ ಮೇಲೆ ಹೋಗುತ್ತದೆ. 90ಕ್ಕಿಂತ ಜಾಸ್ತಿ ಇರುವುದು ಹೊಗೆಯ ಬಿಸಿಯನ್ನೂ ಹಿಂಡಿಕೊಳ್ಳುತ್ತದೆ. ಆಗ ಹೊಗೆಯಲ್ಲಿರುವ ಆವಿ ನೀರಾಗುತ್ತದೆ, ಅದೂ ಹುಳಿ ನೀರು, ಲೋಹ ತಿನ್ನುವಂಥದ್ದು. ಮಲಗಿಸಿದಾಗ ಅದು ಹರಿದು ಹೋಗಲು ಪೆಟ್ಟಿಗೆಯ ಕೆಳಗೆ ಟ್ರಾಪ್‌ಗೆ (ನೀರು ಬಿಟ್ಟು ಹೊಗೆ ತಡೆಯುವ ಭಾಗ) ಜಾಗ ಬೇಕು, ಪೈಪಿಗೆ ಇಳಿಜಾರು ಬೇಕು. ಚಳಿ ಅಟ್ಟದಲ್ಲಿ ಅದು ಹೆಪ್ಪುಗಟ್ಟಿದರೆ ಫರ್ನೆಸ್ ನಿಂತೇ ಹೋಗುತ್ತದೆ. ಬೇಸಿಗೆಯಲ್ಲಿ ಎಸಿ ಕಾಯಿಲ್ ನೀರು ಬೇರೆ, ಟೆಕ್ಸಾಸ್‌ನಲ್ಲಿ ಅದು ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಲೇ ಇರುತ್ತದೆ. ಅದಕ್ಕೇ ಇಡೀ ಘಟಕದ ಕೆಳಗೆ ಅಗಲವಾದ ತಗಡಿನ ತಟ್ಟೆ, ಅದರಲ್ಲಿ ನೀರು ಏರಿದರೆ ಯಂತ್ರ ನಿಲ್ಲಿಸುವ ಸ್ವಿಚ್ ಇರಬೇಕು. ತಟ್ಟೆಯಲ್ಲಿ ತುಕ್ಕಿನ ಗೆರೆ ಕಂಡರೆ ಮಾರುವವರನ್ನು ಕೇಳಿ. ಕೆಳಗಿನ ಸೀಲಿಂಗ್‌ಗೆ ಹೊಸ ಬಣ್ಣ ಬಳಿದಿದ್ದರೆ ಇನ್ನೊಂದು ಸಲ ಕೇಳಿ.

95 ಪರ್ಸೆಂಟ್‌ನದು ಹಾಕಿಸಲಾ ಎಂದರೆ, ಡಲ್ಲಾಸ್ ಅಟ್ಟಕ್ಕೆ 80ರದ್ದು ಸಾಕು ಎನ್ನುತ್ತೇನೆ. ಇಲ್ಲಿ ಚಳಿಗಾಲ ಚಿಕ್ಕದು. ಆ ದುಡ್ಡಲ್ಲಿ ಡಕ್ಟ್ ಸಂದುಗಳನ್ನು ಮುಚ್ಚಿಸಿ. ಸಾಮಾನ್ಯ ಮನೆಯ ಡಕ್ಟ್‌ಗಳಲ್ಲಿ 20ರಿಂದ 30 ಪರ್ಸೆಂಟ್ ಗಾಳಿ ಸೋರಿ ಹೋಗುತ್ತದೆ ಎಂದು ಅಮೆರಿಕ ಸರ್ಕಾರದ ಇಂಧನ ಉಳಿತಾಯ ಕಾರ್ಯಕ್ರಮ ಎನರ್ಜಿ ಸ್ಟಾರ್ ಹೇಳುತ್ತದೆ. ಅಟ್ಟದಲ್ಲಿ ಸೋರಿದ್ದು ಹಕ್ಕಿಗಳಿಗೆ. ಕಡು ಚಳಿಯ ಮಿನಿಯಾಪೊಲಿಸ್ ಆಗಿದ್ದರೆ ಲೆಕ್ಕವೇ ಬೇರೆ, ಅಲ್ಲಿ 95ರದ್ದೇ ಬೇಕು, ಅದು ಅಟ್ಟದಲ್ಲಿರುವುದು ಬೇಡ.

ಇನ್ನು ಹತ್ತಿರ ಹೋಗುವ ದಾರಿ. ಫರ್ನೆಸ್ ಮುಂದೆ ಕೆಲಸ ಮಾಡಲು 30 ಇಂಚು ಉದ್ದ, 30 ಇಂಚು ಅಗಲದ ಹಲಗೆ, ಅಲ್ಲಿವರೆಗೆ ಗಟ್ಟಿ ಕಾಲುದಾರಿ, ಒಂದು ದೀಪ ಇರಬೇಕು. ಕಟ್ಟಡ ನಿಯಮವೇ (ಕೋಡ್) ಇದನ್ನು ಕೇಳುತ್ತದೆ. ಜೋಯಿಸ್ಟ್ (ಸೀಲಿಂಗ್ ಹೊತ್ತ ಮರದ ತೊಲೆ) ಮೇಲೆ ಸರ್ಕಸ್ ಮಾಡಬೇಕಾದ ಕಡೆ ಟೆಕ್ನಿಷಿಯನ್ ಅರ್ಧಂಬರ್ಧ ನೋಡಿ ಇಳಿಯುತ್ತಾನೆ, ಅವನ ತಪ್ಪೇನಿಲ್ಲ. ಫಿಲ್ಟರ್ ಕೂಡ ಅಟ್ಟದಲ್ಲೇ ಇದ್ದರೆ ಯಾರೂ ಬದಲಾಯಿಸುವುದಿಲ್ಲ. ಕೆಳಗೆ ಹಾಲ್‌ನಲ್ಲಿ ಗಾಳಿ ವಾಪಸ್ ಎಳೆದುಕೊಳ್ಳುವ ರಿಟರ್ನ್ ಗ್ರಿಲ್‌ಗೆ ಅದನ್ನು ತರಿಸಿಕೊಳ್ಳಿ. ಸೀಲಿಂಗ್‌ನಿಂದ ಬಿಸಿ ಗಾಳಿ ಬಿದ್ದಾಗ ತಲೆ ಬೆಚ್ಚಗೆ, ಕಾಲು ತಣ್ಣಗೆ ಆಗುವುದು ನಿಜ. ಅದಕ್ಕೆ ಸಾಕ್ಸ್ ಹಾಕಿಕೊಳ್ಳಿ.

ಗ್ಯಾಸ್ ಇದೆಯಲ್ಲ, ಕರೆಂಟ್ ಹೋದರೂ ಚಿಂತೆಯಿಲ್ಲ ಅಂದುಕೊಳ್ಳಬೇಡಿ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಟೆಕ್ಸಾಸ್‌ನಲ್ಲಿ ಕರೆಂಟ್ ಹೋದಾಗ ಗ್ಯಾಸ್ ಫರ್ನೆಸ್‌ಗಳೂ ನಿಂತವು. ಬ್ಲೋವರ್ ತಿರುಗಲು ಕರೆಂಟ್ ಬೇಕೇ ಬೇಕು. ಮನೆಗೆ ಗ್ಯಾಸ್ ಲೈನೇ ಇಲ್ಲದಿದ್ದರೆ, ಅಥವಾ ಬಿಸಿ ಮಾಡಬೇಕಾದ್ದು ಒಂದೆರಡು ಕೋಣೆ ಮಾತ್ರವಾದರೆ, ಈ ಪೆಟ್ಟಿಗೆಯ ಗೊಡವೆಯೇ ಬೇಡ. ಗೋಡೆಗೆ ಹಾಕುವ ಮಿನಿ ಸ್ಪ್ಲಿಟ್ ಹೀಟ್ ಪಂಪ್ (ಬಿಸಿಯನ್ನೂ ಕೊಡುವ ಸ್ಪ್ಲಿಟ್ ಎಸಿ) ವಿಚಾರಿಸಿ.